ಅಚ್ಚಿನ ಮನೆಗೆ ಬಂದ ಕುಂಚದಕ್ಷರ

ಅಕ್ಷರಗಳನ್ನು ನಾವೆಲ್ಲರೂ ಓದುತ್ತೇವೆ. ಅವುಗಳನ್ನು ನೋಡುವವರು ವಿರಳ. ಲಗ್ನಪತ್ರಿಕೆಯಿರಲಿ, ಜಾತ್ರೆಯ ಭಿತ್ತಿಪತ್ರವಿರಲಿ, ಅಂಗಡಿಯ ಹಲಗೆಯಿರಲಿ, ಬರೆದುದೇನೆಂದು ತಿಳಿದೊಡನೆ ನಮ್ಮ ಕಣ್ಣು ಮುಂದೆ ಸಾಗುತ್ತದೆ. ಆ ಅಕ್ಷರದ ರೂಪವೆಂಥದು, ಅದನ್ನು ರೂಪಿಸಿದವರಾರು ಎಂಬ ಪ್ರಶ್ನೆ ಏಳುವುದು ಎಲ್ಲಿಯೋ ಏನೋ ತಪ್ಪಿದಾಗ ಮಾತ್ರ. ನಮ್ಮ ಮನೆಯಲ್ಲಿ ಆದುದೂ ಹಾಗೆಯೇ.

ನಮ್ಮ ತೀರ್ಥರೂಪರು ಲಿಂಗೈಕ್ಯರಾಗಿ ವರುಷ ತುಂಬಿದ ಸಂದರ್ಭದಲ್ಲಿ ಬಂಧುಬಾಂಧವರನ್ನೂ ಅವರ ಶಿಷ್ಯರನ್ನೂ ಕರೆದು ಪುಣ್ಯಸ್ಮರಣೆಯ ಕಾರ್ಯ ಇಟ್ಟುಕೊಂಡಿದ್ದೆವು. ತಂದೆಯವರು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರುಷ ಕನ್ನಡ ಕಲಿಸಿದವರು. ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ಅವರದು ಬಹಳ ಕಟ್ಟುನಿಟ್ಟು. ‘ಧನ’ಕ್ಕೂ ‘ದನ’ಕ್ಕೂ ಇರುವ ಅಂತರ ಒಂದು ಸೀಳುಗೆರೆಯದು, ಆ ಗೆರೆ ಮರೆತವನ ಸಂಪತ್ತು ಕೊಟ್ಟಿಗೆ ಸೇರುತ್ತದೆ ಎಂದು ನಗಿಸುತ್ತಲೇ ತಿದ್ದುತ್ತಿದ್ದರು. ನಮ್ಮ ತಾಯಿಯವರು ಓದು ಬರಹ ಕಲಿತದ್ದು ಮದುವೆಯಾದ ಮೇಲೆ, ಅವರಿಂದಲೇ.

ಕಾರ್ಯಕ್ಕೆ ಮೂರು ದಿನ ಇರುವಾಗ ನನ್ನ ತಮ್ಮನ ಮಗ ಪೇಟೆಯಿಂದ ಫ್ಲೆಕ್ಸ್ ಮಾಡಿಸಿಕೊಂಡು ಬಂದ. ಹನ್ನೆರಡು ಅಡಿ ಉದ್ದ. ಬಿಡಿಸಿ ಅಂಗಳದಲ್ಲಿ ಹಾಸಿದೆವು. ಮೇಲ್ಭಾಗದಲ್ಲಿ ನಮ್ಮ ಮನೆತನದ ಹೆಸರು ಇಂಗ್ಲಿಷಿನಲ್ಲಿತ್ತು. ಎಲ್ಲವೂ ದೊಡ್ಡಕ್ಷರಗಳು, ಕುಂಚದಿಂದ ಬೀಸಿ ಬರೆದಂತೆ. ನೋಡಲು ಬಲು ಸೊಗಸು, ಓದಲು ಮಾತ್ರ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಕೆಳಗೆ ಕನ್ನಡದಲ್ಲಿ ‘ಶ್ರದ್ಧಾಂಜಲಿ’ ಎಂದಿರಬೇಕಾದುದು ಅದೇ ಬಗೆಯ ದಪ್ಪ ಕುಂಚದ ರೂಪದಲ್ಲಿ ‘ಶ್ರದ್ದಾಂಜಲಿ’ ಎಂದಾಗಿತ್ತು. ಒತ್ತಿನ ‘ಧ’ಕಾರದ ಸೀಳುಗೆರೆ ಮಸಿಯಲ್ಲಿ ಮುಳುಗಿಹೋಗಿತ್ತು. ನಮ್ಮಲ್ಲಿ ಮೊದಲು ಅದನ್ನು ಕಂಡವರು ತಾಯಿಯವರೇ. ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿ, “ಇದನ್ನ ನಿಮ್ಮಪ್ಪಾರು ನೋಡಿದ್ದ್ರ ಮತ್ತ ಹತ್ತು ಸಲ ಬರಸ್ತಿದ್ದ್ರು” ಎಂದರು. ಮಾತು ಅಷ್ಟೇ. ಆದರೆ ಆ ಬಳಿಕ ಅವರು ಫ್ಲೆಕ್ಸಿನ ಕಡೆಗೆ ನೋಡಲಿಲ್ಲ.

ನಾನು ಮರುದಿನ ಆ ಅಂಗಡಿಗೆ ಹೋದೆ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗ ವಿನಯವಂತ. ತಪ್ಪು ಅವನದೆಂದು ನಾನು ಹೇಳಲಾರೆ. ಅವನು ಅಕ್ಷರಗಳನ್ನು ಸರಿಯಾಗಿಯೇ ಒತ್ತಿದ್ದ. “ಫಾಂಟಿನಾಗ ಹಂಗ ಐತ್ರಿ ಸರ, ನಾ ಏನ ಮಾಡ್ಲಿ?” ಎಂದು ಪರದೆಯ ಮೇಲೆ ತೋರಿಸಿದ. ಇಂಗ್ಲಿಷ್ ಸಾಲಿಗೆ ಬಳಸಿದ ಅಕ್ಷರಮಾಲೆಯ ಹೆಸರನ್ನೂ ತೋರಿಸಿದ: ಬ್ರಷ್ ಸ್ಕ್ರಿಪ್ಟ್. ಈ ಹೆಸರಿನ ಬೆನ್ನು ಹತ್ತಿ ಹೋದಾಗ ತಿಳಿದುಬಂದ ಸಂಗತಿಗಳು ನಮ್ಮ ಓದುಗ ಬಂಧುಗಳಿಗೂ ಪ್ರಯೋಜನವಾದಾವೆಂದು ಇಲ್ಲಿ ಬರೆಯುತ್ತಿದ್ದೇನೆ.

ಕುಂಚ ಎತ್ತದೆ ಬರೆದಂತೆ

ಬ್ರಷ್ ಸ್ಕ್ರಿಪ್ಟ್ ಕಂಪ್ಯೂಟರಿನ ಕೂಸಲ್ಲ. ಅದನ್ನು ರೂಪಿಸಿದವರು ರಾಬರ್ಟ್ ಇ. ಸ್ಮಿತ್, 1942ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಎಂಬ ಸಂಸ್ಥೆ ಅದನ್ನು ಅಚ್ಚುಮೊಳೆಯಾಗಿ ಹೊರತಂದಿತು. ಅಮೆರಿಕದ ಹಲವಾರು ಅಚ್ಚುಮೊಳೆ ಕಾರ್ಖಾನೆಗಳು 1892ರಲ್ಲಿ ಒಂದುಗೂಡಿ ಆದ ಸಂಸ್ಥೆ ಅದು. ಜಾಹೀರಾತಿನ ವ್ಯವಹಾರ ಬೆಳೆಯುತ್ತಿದ್ದ ಆ ಕಾಲದಲ್ಲಿ ಗಂಭೀರವಾದ ಪುಸ್ತಕದ ಅಕ್ಷರಗಳಿಗಿಂತ ಅಂಗಡಿಯವನೇ ತನ್ನ ಕೈಯಾರೆ ಬರೆದು ಕರೆದಂತಿರುವ ಅಕ್ಷರಗಳು ವರ್ತಕರಿಗೆ ಹೆಚ್ಚು ಹಿಡಿಸಿದವು. ಮುಂದೆ ಇದೇ ಅಕ್ಷರಮಾಲೆ ಮೈಕ್ರೋಸಾಫ್ಟ್ ಕಂಪನಿಯ ಆಫೀಸ್ ತಂತ್ರಾಂಶದ ಜೊತೆಯಲ್ಲಿ ಜಗತ್ತಿನ ಲಕ್ಷಾಂತರ ಮೇಜುಗಳಿಗೆ ಬಂದು ಕುಳಿತಿತು. ನಮ್ಮೂರ ಪೇಟೆಯ ಅಂಗಡಿಗೆ ಅದು ಬಂದುದು ಹೀಗೆ.

ಕೈಯಲ್ಲಿ ಬರೆಯುವವನು ಕುಂಚವನ್ನು ಎತ್ತದೆ ಒಂದಕ್ಷರದಿಂದ ಮತ್ತೊಂದಕ್ಕೆ ಜಾರಿಹೋಗಬಹುದು. ಅಚ್ಚುಮೊಳೆಗೆ ಆ ಭಾಗ್ಯವಿಲ್ಲ. ಸೀಸ, ತವರ, ಆಂಟಿಮನಿಗಳನ್ನು ಬೆರೆಸಿ ಎರಕ ಹೊಯ್ದ ಪ್ರತಿಯೊಂದು ಅಕ್ಷರವೂ ತನ್ನ ಪಾಡಿಗೆ ತಾನು ಚೌಕಾಕಾರದ ಒಂದು ಲೋಹದ ತುಂಡು. ಒಂದು ತುಂಡಿನ ಬಲ ಅಂಚಿನಲ್ಲಿ ಮುಗಿಯುವ ಎಳೆ, ಪಕ್ಕದ ತುಂಡಿನ ಎಡ ಅಂಚಿನಲ್ಲಿ ಆರಂಭವಾಗುವ ಎಳೆಯನ್ನು ಕೂದಲೆಳೆಯಷ್ಟೂ ಬಿರುಕು ಕಾಣದಂತೆ ಕೂಡಬೇಕು. ಇಂಗ್ಲಿಷಿನ ಇಪ್ಪತ್ತಾರು ಚಿಕ್ಕಕ್ಷರಗಳಲ್ಲಿ ಯಾವುದರ ಮುಂದೆ ಯಾವುದು ಬರುವುದೋ ಮೊದಲೇ ಹೇಳಲಾಗದು. ಗುಣಿಸಿದರೆ 676 ಜೋಡಿಗಳು. ಅಷ್ಟಕ್ಕೂ ಒಂದೊಂದು ಸಂಧಿ ಮಾಡಲು ಸಾಧ್ಯವೆ? ಆದುದರಿಂದ ಎಲ್ಲ ಅಕ್ಷರಗಳ ಎಳೆಗಳೂ ಒಂದೇ ಎತ್ತರದಲ್ಲಿ, ಒಂದೇ ದಪ್ಪದಲ್ಲಿ, ಒಂದೇ ಓರೆಯಲ್ಲಿ ಹೊರಹೋಗಬೇಕು, ಅದೇ ಎತ್ತರದಲ್ಲಿ ಒಳಬರಬೇಕು. ನೋಡುವವನಿಗೆ ಅವಸರದ ಬೀಸುಗೈ. ಮಾಡುವವನಿಗೆ ಅಕ್ಕಸಾಲಿಗನ ಕೆಲಸ.

ಚಿಕ್ಕಕ್ಷರಗಳು ಹೀಗೆ ಕೈ ಕೈ ಹಿಡಿದು ನಡೆಯುವಂಥವು. ದೊಡ್ಡಕ್ಷರಗಳ ಸಂಗತಿ ಬೇರೆ. ಅವು ಪದದ ಮೊದಲಲ್ಲಿ ಒಂದೇ ಒಂದು ನಿಲ್ಲಲೆಂದು ಮಾಡಿದವು. ಮೆರವಣಿಗೆಯ ಮುಂದೆ ನಂದಿಕೋಲು ಹೊತ್ತವನಂತೆ. ಒಬ್ಬನಿದ್ದರೆ ಶೋಭೆ. ಮೆರವಣಿಗೆಯ ಎಲ್ಲರೂ ಒಂದೊಂದು ನಂದಿಕೋಲು ಹೊತ್ತು ಇಕ್ಕಟ್ಟಾದ ಓಣಿಯಲ್ಲಿ ನಿಂತರೆ ಏನಾದೀತು? ನಮ್ಮ ಮನೆತನದ ಹೆಸರಿಗೆ ಆದುದು ಅದೇ. ಬ್ರಷ್ ಸ್ಕ್ರಿಪ್ಟಿನಂಥ ಅಕ್ಷರದಲ್ಲಿ ಇಡೀ ಪದವನ್ನು ದೊಡ್ಡಕ್ಷರಗಳಲ್ಲಿ ಬರೆಸಬಾರದೆಂಬ ಒಂದು ಸಣ್ಣ ಮಾತು ತಿಳಿದಿದ್ದರೆ ಆ ಸಾಲು ಉಳಿಯುತ್ತಿತ್ತು.

ಮಾರ್ಸೇಯ ನಗರದ ಅಕ್ಷರಶಿಲ್ಪಿ

ಕುಂಚದಕ್ಷರದ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ವ್ಯಕ್ತಿ ಫ್ರಾನ್ಸ್ ದೇಶದ ರೋಜೆ ಎಕ್ಸ್‌ಕೊಫೊಂ. ದಕ್ಷಿಣದ ಬಂದರು ನಗರವಾದ ಮಾರ್ಸೇಯಲ್ಲಿ 1910ರಲ್ಲಿ ಹುಟ್ಟಿದವರು. ಕಾನೂನು ಓದಿದರು, ಚಿತ್ರಕಲೆಯತ್ತ ಒಲಿದರು. ಅದೇ ಊರಿನಲ್ಲಿ ಒಲಿವ್ ಮನೆತನದವರ ಅಚ್ಚುಮೊಳೆ ಕಾರ್ಖಾನೆಯೊಂದಿತ್ತು. ಪ್ಯಾರಿಸ್ಸಿನ ದೆಬೆರ್ನಿ ಎ ಪೇನ್ಯೊ ಎಂಬ ದೊಡ್ಡ ಕಾರ್ಖಾನೆಯ ಮುಂದೆ ಇದು ಚಿಕ್ಕದು. ಎಕ್ಸ್‌ಕೊಫೊಂ ಅವರು ಈ ಚಿಕ್ಕ ಕಾರ್ಖಾನೆಗೆ ಅಕ್ಷರಗಳನ್ನು ರೂಪಿಸಿಕೊಡತೊಡಗಿದರು. 1951ರಲ್ಲಿ ಬಾಂಕೊ, 1953ರಲ್ಲಿ ಮಿಸ್ತ್ರಾಲ್, 1955ರಲ್ಲಿ ಶಾಕ್. ದೊಡ್ಡವರು ಮಾಡುವುದನ್ನೇ ಚಿಕ್ಕವನು ಮಾಡಿದರೆ ಕೊಳ್ಳುವವರಾರು? ಫ್ರಾನ್ಸಿನ ಅಂಗಡಿಬೀದಿಗಳಲ್ಲೆಲ್ಲ ಇವರ ಅಕ್ಷರಗಳು ಕಾಣಿಸಿಕೊಂಡವು. 1968ರಲ್ಲಿ ಗ್ರೆನೊಬ್ಲ್ ನಗರದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸಿನ ಲಾಂಛನವನ್ನು ಬರೆದವರೂ ಇವರೇ. 1983ರಲ್ಲಿ ತೀರಿಕೊಂಡರು.

ಮಿಸ್ತ್ರಾಲ್ ಎಂಬುದು ರೋನ್ ನದಿಯ ಕಣಿವೆಯಗುಂಟ ಬೀಸಿ ಮಾರ್ಸೇಯ ಕಡೆಗೆ ನುಗ್ಗುವ ಶೀತಲ ಗಾಳಿಯ ಹೆಸರು. ಈ ಅಕ್ಷರಮಾಲೆಗೆ ಆಧಾರ ಎಕ್ಸ್‌ಕೊಫೊಂ ಅವರ ಸ್ವಂತ ಕೈಬರಹ. ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡಿವೆ. ಆದರೆ ಬ್ರಷ್ ಸ್ಕ್ರಿಪ್ಟಿನಂತೆ ಶಾಲೆಯ ಮಕ್ಕಳ ಸಾಲಾಗಿ ಅಲ್ಲ. ಸಾಲು ತುಸು ಏರುತ್ತದೆ, ತುಸು ಇಳಿಯುತ್ತದೆ. ಅವಸರದಲ್ಲಿ ಚೀಟಿ ಬರೆದಿಟ್ಟು ಹೋದವರ ಬರಹದಂತೆ ಕಾಣುತ್ತದೆ. ಇಷ್ಟಾಗಿಯೂ ಬಿಡಿ ಬಿಡಿ ಲೋಹದ ತುಂಡುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ಸಂಧಿ ತಪ್ಪುವುದಿಲ್ಲ. ಮೊಳೆ ಜೋಡಿಸುವ ಕೆಲಸ ಬಲ್ಲವರು ಇದನ್ನು ಕೇಳಿದರೆ ಬೆರಗಾಗುತ್ತಾರೆ.

ಶಾಕ್ ಇದರ ಅಣ್ಣನಂತಿದೆ. ಹೆಸರಿನ ಅರ್ಥವೇ ಪೆಟ್ಟು. ತೋಯಿಸಿದ ದಪ್ಪ ಕುಂಚವನ್ನು ಕಾಗದಕ್ಕೆ ಒತ್ತಿ ಎಳೆದಂತೆ ಕಪ್ಪನೆಯ ಭಾರವಾದ ಅಕ್ಷರಗಳು. ಇಲ್ಲಿ ಅವರು ಅಕ್ಷರಗಳನ್ನು ಕೂಡಿಸುವ ಗೊಡವೆಗೆ ಹೋಗಲಿಲ್ಲ. ಪ್ರತಿ ಅಕ್ಷರವೂ ಬೇರೆಯಾಗಿ, ಆದರೆ ಪಕ್ಕದ ಅಕ್ಷರಕ್ಕೆ ಒತ್ತೊತ್ತಾಗಿ ನಿಲ್ಲುತ್ತದೆ. ಯೋಚಿಸಿ ನೋಡಿದರೆ ಇದು ಸಹಜ. ಎಳೆ ತೆಳುವಾಗಿದ್ದರೆ ಸಂಧಿಯೂ ತೆಳು. ಎಳೆ ಹೆಬ್ಬೆರಳಿನ ದಪ್ಪವಾದರೆ ಸಂಧಿಯೂ ಅಷ್ಟೇ ದಪ್ಪವಾಗಿ, ಎರಡು ಅಕ್ಷರಗಳ ನಡುವಿನ ಬಿಳುಪನ್ನೂ ಅಕ್ಷರದ ಒಳಗಿನ ಬಿಳುಪನ್ನೂ ನುಂಗಿಬಿಡುತ್ತದೆ. ನಾವು ಓದುವುದು ಕಪ್ಪನ್ನಲ್ಲ, ಕಪ್ಪಿನಿಂದ ಸುತ್ತುವರಿದ ಬಿಳುಪನ್ನು. ದಪ್ಪ ಅಕ್ಷರ ಬರೆಯುವವನು ಕಪ್ಪನ್ನು ಎಷ್ಟು ಬೆಳೆಸುತ್ತಾನೋ ಅಷ್ಟೇ ಜತನದಿಂದ ಬಿಳುಪಿಗೂ ಜಾಗ ಮಾಡಿಕೊಡಬೇಕು. ಶಾಕ್ ಅಕ್ಷರಗಳು ಅಷ್ಟು ಭಾರವಾಗಿದ್ದೂ ಓದಿಸಿಕೊಳ್ಳುವುದು ಈ ಜತನದಿಂದಲೇ.

ಇಂಥ ಅಕ್ಷರ ನಾಲ್ಕಾರು ಪದಗಳಿಗೆ ಮಾತ್ರ ಸಲ್ಲುವಂಥದು. ದೂರದಿಂದ ನೋಡುವ ಹಲಗೆಗೆ, ಪುಸ್ತಕದ ಮುಖಪುಟಕ್ಕೆ, ಭಿತ್ತಿಪತ್ರದ ತಲೆಬರಹಕ್ಕೆ. ಇಡೀ ಆಮಂತ್ರಣವನ್ನು ಇದರಲ್ಲಿಯೇ ಅಚ್ಚು ಹಾಕಿಸಿದವರನ್ನು ನಾನು ಕಂಡಿದ್ದೇನೆ. ಹೋಳಿಗೆಯ ಹೂರಣವನ್ನೇ ಊಟವೆಲ್ಲ ಬಡಿಸಿದ ಹಾಗೆ!

ಕನ್ನಡದ ತೊಡಕು ಬೇರೆ

ಈಗ ನಮ್ಮ ಲಿಪಿಯ ಕಡೆಗೆ ಬರೋಣ. ಇಂಗ್ಲಿಷಿನ ಕುಂಚದಕ್ಷರವನ್ನು ಕಾಡಿದ ಸಂಧಿಯ ತೊಡಕು ಕನ್ನಡಕ್ಕಿಲ್ಲ. ನಾಗರಿ ಲಿಪಿಯ ಅಕ್ಷರಗಳಾದರೂ ಒಂದು ತಲೆಗೆರೆಗೆ ತೂಗುಬಿದ್ದು ಪದವಾಗುತ್ತವೆ. ಕನ್ನಡದ ಅಕ್ಷರಗಳಿಗೆ ತಮ್ಮ ತಮ್ಮ ತಲೆಕಟ್ಟು ತಮಗುಂಟು. ಅವು ಬಿಡಿಬಿಡಿಯಾಗಿ ನಿಲ್ಲುತ್ತವೆ. ಈ ದೃಷ್ಟಿಯಿಂದ ಕನ್ನಡಕ್ಕೆ ಮಿಸ್ತ್ರಾಲ್ ದೂರದವನು, ಶಾಕ್ ಹತ್ತಿರದವನು.

ಆದರೆ ಬೇರೆ ತೊಡಕುಗಳಿವೆ. ತಾಡೋಲೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಕೊರೆದು ನಮ್ಮ ಅಕ್ಷರಗಳು ದುಂಡಗಾದವೆಂದು ಬಲ್ಲವರು ಹೇಳುವುದುಂಟು. ಕಂಟ ಎಳೆಯುವ ಗೆರೆ ಎಲ್ಲಿಯೂ ಒಂದೇ ದಪ್ಪ. ಕುಂಚವಾದರೋ ತಿರುಗಿದಂತೆ ದಪ್ಪವಾಗುತ್ತದೆ, ಮತ್ತೆ ತಿರುಗಿದಂತೆ ತೆಳುವಾಗುತ್ತದೆ. ಕಂಟಕ್ಕಾಗಿ ದುಂಡಗಾದ ಅಕ್ಷರದೊಳಗೆ ಕುಂಚವನ್ನು ಒಯ್ದಾಗ ಎಲ್ಲಿ ದಪ್ಪ, ಎಲ್ಲಿ ತೆಳುವು ಎಂಬುದನ್ನು ಪ್ರತಿ ಅಕ್ಷರಕ್ಕೂ ಹೊಸದಾಗಿ ನಿರ್ಣಯಿಸಬೇಕಾಗುತ್ತದೆ. ಎರಡನೆಯದು, ಸಂಖ್ಯೆ. ಮೂವತ್ತನಾಲ್ಕು ವ್ಯಂಜನಗಳು, ಅವುಗಳ ಕಾಗುಣಿತ ಸೇರಿ ನಾಲ್ಕುನೂರಕ್ಕೂ ಮಿಕ್ಕ ರೂಪಗಳು, ಅವುಗಳ ಅಡಿಯಲ್ಲಿ ಕೂಡುವ ಒತ್ತಕ್ಷರಗಳು. ಇಂಗ್ಲಿಷಿನ ಐವತ್ತೆರಡು ರೂಪಗಳ ಮುಂದೆ ಇದು ದೊಡ್ಡ ಸಂಸಾರ.

ಮೂರನೆಯದೇ ನಮ್ಮ ಮನೆಯಂಗಳದಲ್ಲಿ ಕಂಡುಬಂದ ತೊಡಕು. ದ ಧ, ಡ ಢ, ಬ ಭ, ಪ ಫ ಇವುಗಳನ್ನು ಬೇರ್ಪಡಿಸುವುದು ಒಂದು ಚಿಕ್ಕ ಸೀಳು. ‘ಹೊಟ್ಟೆ ಸೀಳಿದ ಷ’ ಎಂದು ಶಾಲೆಯಲ್ಲಿ ಕಲಿತುದು ಎಲ್ಲರಿಗೂ ನೆನಪಿರಬಹುದು. ತೆಳುವಾದ ಗೆರೆಯ ಅಕ್ಷರದಲ್ಲಿ ಈ ಸೀಳು ಸ್ಪಷ್ಟ. ಅಕ್ಷರ ದಪ್ಪವಾದಂತೆ ಮೊದಲು ಬಲಿಯಾಗುವುದು ಇದೇ. ಅದರಲ್ಲಿಯೂ ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಚಿಕ್ಕದು. ಅದರೊಳಗಿನ ಸೀಳು ಇನ್ನೂ ಚಿಕ್ಕದು. ‘ಶ್ರದ್ಧಾಂಜಲಿ’ ಎಂಬ ಒಂದು ಪದದಲ್ಲಿ ರಕಾರದ ಒತ್ತು, ಧಕಾರದ ಒತ್ತು, ದೀರ್ಘ, ಸೊನ್ನೆ, ಗುಡಿಸು ಎಲ್ಲವೂ ಒಟ್ಟಿಗೆ ಬಂದಿವೆ. ದಪ್ಪ ಅಕ್ಷರಮಾಲೆಯನ್ನು ಪರೀಕ್ಷಿಸಬೇಕೆಂದರೆ ಇದಕ್ಕಿಂತ ಒಳ್ಳೆಯ ಪದ ಸಿಗದು. ಅಂಗಡಿಯವರು ‘ಶುಭ ವಿವಾಹ’ ಎಂದು ಬರೆದು ಮಾದರಿ ತೋರಿಸುತ್ತಾರೆ. ಅದರಲ್ಲಿ ಒಂದೂ ಒತ್ತಿಲ್ಲ! ತಮ್ಮ ಮನೆಯ ಕಾರ್ಯಕ್ಕೆ ಫಲಕ ಮಾಡಿಸುವವರು ತಮಗೆ ಬೇಕಾದ ಪದವನ್ನೇ ಆ ಅಕ್ಷರದಲ್ಲಿ ಕಾಗದದ ಮೇಲೆ ತೆಗೆಸಿ, ಗೋಡೆಗೆ ಆನಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಓದಿ ನೋಡುವುದು ಲೇಸು. ಮನೆಯಲ್ಲಿ ಹಿರಿಯರಿದ್ದರೆ ಅವರಿಂದ ಓದಿಸುವುದು ಇನ್ನೂ ಲೇಸು.

ತಂತ್ರಜ್ಞಾನದಲ್ಲಿಯೇ ದೋಷವಿದೆಯೆಂದು ನಾನು ಹೇಳುತ್ತಿಲ್ಲ. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಸಂಕೇತದಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಕಂಪನಿಗಳು ಸೇರಿ ಸಾರಿದ ಓಪನ್‌ಟೈಪ್ ಎಂಬ ವಿಧಾನದಿಂದ, ಯಾವ ಅಕ್ಷರದ ಪಕ್ಕದಲ್ಲಿ ಯಾವುದು ಬಂದಿದೆಯೆಂದು ನೋಡಿ ರೂಪವನ್ನು ಬದಲಾಯಿಸಲು ಸಾಧ್ಯವಾಗಿದೆ. ಕೈಬರಹದಲ್ಲಿ ಒಂದೇ ಅಕ್ಷರ ಎರಡು ಸಲ ಬಂದರೆ ಎರಡೂ ಪಡಿಯಚ್ಚಾಗಿರುವುದಿಲ್ಲ, ಅಚ್ಚುಮೊಳೆಯಲ್ಲಿ ಪಡಿಯಚ್ಚಾಗಲೇಬೇಕಿತ್ತು. ಈಗ ಬೇಕೆಂದರೆ ಮೂರು ನಾಲ್ಕು ರೂಪಗಳನ್ನಿಟ್ಟು ಸರದಿಯಂತೆ ಬರಿಸಬಹುದು. ಒತ್ತಕ್ಷರಕ್ಕೆ ತಕ್ಕ ಜಾಗವನ್ನೂ ಮಾಡಬಹುದು. ಏಕ್ ಟೈಪ್ ಬಳಗದವರ ‘ಬಾಲೂ ತಮ್ಮ’ ಎಂಬ ದಪ್ಪ ಕನ್ನಡ ಅಕ್ಷರಮಾಲೆ ಕುಂಚದ್ದಲ್ಲವಾದರೂ, ದಪ್ಪವಿದ್ದೂ ಓದಿಗೆ ಒದಗುವಂಥದು. ಅದು ಉಚಿತವಾಗಿಯೂ ದೊರೆಯುತ್ತದೆ. ಬೇಕಾದುದು ಕೂತು ಮಾಡುವವರ ತಾಳ್ಮೆ, ಕೇಳಿ ಮಾಡಿಸುವವರ ಎಚ್ಚರ.

ಒಳಗಿನ ಬಯಲು

ಫ್ಲೆಕ್ಸನ್ನು ಮತ್ತೆ ಮಾಡಿಸಲು ನನಗೆ ಮನಸ್ಸಾಗಲಿಲ್ಲ. ಪೇಟೆಯಲ್ಲಿ ಹಿಂದೆ ನಾಟಕ ಕಂಪನಿಗಳ ಹಲಗೆಗಳನ್ನೂ ಸಹಕಾರಿ ಸಂಘಗಳ ಗೋಡೆಗಳನ್ನೂ ಬರೆಯುತ್ತಿದ್ದ ಹಿರಿಯ ಪೇಂಟರೊಬ್ಬರಿದ್ದಾರೆ; ತಂದೆಯವರ ಪರಿಚಯದವರು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಗಿ, ಈಗ ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಹೆಸರು ಬರೆದು ದಿನ ದೂಡುತ್ತಾರೆ. ಅವರಲ್ಲಿಗೆ ಹೋಗಿ ಸಂಗತಿ ತಿಳಿಸಿದೆ. ಫ್ಲೆಕ್ಸಿನ ಫೋಟೋ ನೋಡಿ ನಕ್ಕರು.

“ದಪ್ಪ ಬರಿಯೂದು ದೊಡ್ಡ ಮಾತಲ್ಲರಿ ಸರ. ಒಳಗಿನ ಬಯಲು ಉಳಿಸೂದು ದೊಡ್ಡ ಮಾತು.”

ಎಕ್ಸ್‌ಕೊಫೊಂ ಎಂಬ ಹೆಸರನ್ನು ಅವರು ಕೇಳಿದವರಲ್ಲ. ಆದರೆ ಬಿಳಿಯ ಬಟ್ಟೆಯನ್ನು ಹಲಗೆಗೆ ಬಿಗಿದು, ಸುಣ್ಣ ಹಚ್ಚಿದ ದಾರ ಮಿಡಿದು ಸಾಲು ಹೊಡೆದು, ಚಪ್ಪಟೆ ಕುಂಚ ಹಿಡಿದಾಗ ನಾನು ನೋಡುತ್ತ ಕುಳಿತೆ. ಎಡಗೈಯಲ್ಲಿ ಕೋಲೊಂದನ್ನು ಅಡ್ಡ ಹಿಡಿದು ಅದರ ಮೇಲೆ ಬಲಗೈ ಇಟ್ಟಿದ್ದರು. ಶಕಾರವನ್ನು ಮೂರೇ ಬೀಸಿನಲ್ಲಿ ಮುಗಿಸಿದರು. ದಕಾರವನ್ನು ಉಳಿದ ಅಕ್ಷರಗಳಿಗಿಂತ ತುಸು ಮೇಲಕ್ಕೆ ಸರಿಸಿ ಬರೆದರು. ಏಕೆಂದು ಕೇಳಿದೆ. ಕೆಳಗೆ ಧಕಾರ ಕೂರಬೇಕಲ್ಲ, ಅದಕ್ಕೆ ಜಾಗ ಎಂದರು. ಒತ್ತನ್ನು ಮಾತ್ರ ಚಿಕ್ಕ ಕುಂಚದಿಂದ ಬರೆದರು. ಸೀಳನ್ನು ಗೆರೆಯಾಗಿ ಎಳೆಯಲಿಲ್ಲ. ಎರಡೂ ಕಡೆ ಬಣ್ಣ ತುಂಬಿ ನಡುವೆ ಬಟ್ಟೆಯ ಬಿಳುಪನ್ನೇ ಬಿಟ್ಟು, ಅದರೊಳಗೆ ಕುಂಚದ ತುದಿಯಿಂದ ಒಮ್ಮೆ ಮುಟ್ಟಿದರು. ಯಾವ ಅಕ್ಷರಮಾಲೆಯಲ್ಲಿಯೂ ಇಲ್ಲದ ಧಕಾರ ಅದು. ಆ ಪದಕ್ಕಾಗಿ, ಆ ಬಟ್ಟೆಯ ಅಗಲಕ್ಕಾಗಿ ಅಲ್ಲಿಯೇ ಹುಟ್ಟಿದುದು.

ದೆಹಲಿಯಲ್ಲಿ ಹನೀಫ್ ಕುರೇಶಿ ಎಂಬ ಕಲಾವಿದರಿದ್ದರು, 2024ರಲ್ಲಿ ತೀರಿಕೊಂಡರು. ಬೀದಿಯ ಪೇಂಟರುಗಳ ಅಕ್ಷರಗಳನ್ನು ಸಂಗ್ರಹಿಸಿ, ಕಂಪ್ಯೂಟರಿನ ಅಕ್ಷರಮಾಲೆಗಳನ್ನಾಗಿ ಮಾಡಿ, ಬರೆದವರ ಹೆಸರನ್ನೇ ಅವುಗಳಿಗೆ ಇಟ್ಟರು. ‘ಪೇಂಟರ್ ಕಫೀಲ್’ ಎಂಬುದು ಅಂಥದೊಂದು. ಮಾರಾಟವಾದ ಹಣದಲ್ಲಿ ಪೇಂಟರಿಗೂ ಪಾಲು ಸಲ್ಲುವ ಏರ್ಪಾಡು. ಈ ವಿಷಯವನ್ನು ನಾನು ಪೇಂಟರಿಗೆ ಹೇಳಿದೆ. ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು: “ನನ್ನ ಅಕ್ಷರ ಕಂಪ್ಯೂಟರಿನಾಗ ಹೋತಂದ್ರ, ಮುಂದ ಅದು ತಪ್ಪಿದ್ರ ತಿದ್ದವ್ರು ಯಾರ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಕೂಲಿ ಎಷ್ಟೆಂದು ಕೇಳಿದೆ. ಮಾಸ್ತರರ ಕೆಲಸಕ್ಕೆ ಹಣ ಬೇಡವೆಂದು ಹಟ ಹಿಡಿದರು. ಕೊನೆಗೆ ಬಣ್ಣ, ಬಟ್ಟೆಗಳ ಹಣವನ್ನೂ ಮೇಲೊಂದಿಷ್ಟನ್ನೂ ಅವರ ಮೊಮ್ಮಗಳ ಕೈಯಲ್ಲಿಟ್ಟು ಬಂದೆ.

ಕಾರ್ಯದ ದಿನ ಆ ಬಟ್ಟೆಯ ಫಲಕವನ್ನೇ ಕಟ್ಟಿದೆವು. ಗಾಳಿಗೆ ತುಸು ಅಲುಗುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತವರೂ ಓದಿದರು. ತಾಯಿಯವರು ವೇದಿಕೆಯ ಬಳಿಗೆ ಹೋಗಿ ಧಕಾರದ ಕೆಳಗೆ ಬೆರಳಿಟ್ಟು ನೋಡಿ ಬಂದು ಕುಳಿತರು. ಎಲ್ಲರೂ ಪ್ರಸಾದ ಮುಗಿಸಿ ಹೋದ ಮೇಲೆ ಅದನ್ನು ತಾವೇ ಬಿಚ್ಚಿಸಿ, ಮಡಿಚಿ, ತಂದೆಯವರ ಶಾಲೆಯ ಹಾಜರಿ ಪುಸ್ತಕಗಳಿರುವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಫ್ಲೆಕ್ಸನ್ನೂ ನಾವು ಬಿಸಾಡಲಿಲ್ಲ. ಮಳೆಗಾಲಕ್ಕೆ ಸೋರುತ್ತಿದ್ದ ದನದ ಕೊಟ್ಟಿಗೆಯ ಮೂಲೆಗೆ ಅದನ್ನು ಹೊದಿಸಿದ್ದೇವೆ.